ಚೌಡಮ್ಮ ತೋರಿಸಿದ ಬಾಟಲಿ

ಕಾಯಿ ಸುಲಿಯುವುದರಲ್ಲಿ ಶೆಟ್ಟಿಕೆರೆಯ ಚೌಡಮ್ಮನನ್ನು ಮೀರಿಸಿದವರಿರಲಿಲ್ಲ. ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಅಟ್ಟದಿಂದ ಕೊಬ್ಬರಿ ಇಳಿಸುವಾಗ ಏಣಿ ಜಾರಿ ಕಾಲು ಮುರಿದುಕೊಂಡಳು. ತಿಪಟೂರಿನ ನರ್ಸಿಂಗ್ ಹೋಮೊಂದರಲ್ಲಿ ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಐದನೇ ದಿನ ಜ್ವರ ಬಂತು. ಪಟ್ಟಿ ಬಿಚ್ಚಿದರೆ ಹಸಿರು ಕೀವು. ಎರಡು ಸಲ ಇಂಜೆಕ್ಷನ್ ಬದಲಾಯಿಸಿದರೂ ಕೀವು ನಿಲ್ಲಲಿಲ್ಲ.

ಅಲ್ಲಿನ ಲ್ಯಾಬಿನಲ್ಲಿದ್ದವಳು ನಿಖತ್, ಪೇಟೆಯ ಟೈಲರ್ ಮೆಹಬೂಬ್ ಪಾಷಾರ ಮಗಳು. ಕೀವಿನಲ್ಲಿದ್ದ ರೋಗಾಣುವನ್ನು ಬೆಳೆಸಿ, ಗಾಜಿನ ತಟ್ಟೆಗೆ ಸವರಿ, ಒಂದೊಂದು ಔಷಧಿ ಹೀರಿದ ಎಂಟು ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟಳು. ಮಾರನೇ ದಿನ ನೋಡಿದರೆ ಏಳು ಬಿಲ್ಲೆಗಳ ಅಂಚಿನವರೆಗೂ ರೋಗಾಣು ಹಾಯಾಗಿ ಬೆಳೆದಿತ್ತು. ಒಂದರ ಸುತ್ತ ಮಾತ್ರ ರೋಗಾಣು ಬೆಳೆಯದ ಖಾಲಿ ಉಂಗುರ.

ಡಾಕ್ಟರು ಗಾಯವನ್ನು ಮತ್ತೆ ಬಿಚ್ಚಿ ಶುಚಿ ಮಾಡಿ, ಆ ಔಷಧಿಯನ್ನೇ ಶುರು ಮಾಡಿದರು. ಜ್ವರ ಇಳಿಯಿತು. ಆದರೆ ಅಷ್ಟರಲ್ಲಿ ಪಕ್ಕದ ಮಂಚಗಳ ಇಬ್ಬರ ಗಾಯದಲ್ಲೂ ಅದೇ ಹಸಿರು ಕಾಣಿಸಿತು. ನಿಖತ್ ಯೋಚನೆಯಲ್ಲೇ ವಾರ್ಡಿಗೆ ಬಂದಳು.

"ಅದೇನವ್ವ ಅಷ್ಟು ಗಟ್ಟಿ ಹುಳ?" ಎಂದು ಚೌಡಮ್ಮ ಕೇಳಿದಳು.

"ತನ್ನ ಸುತ್ತ ತಾನೇ ಲೋಳೆ ಕಟ್ಕೊಂಡು ಒಳಗೆ ಕೂತಿರುತ್ತೆ, ಚೌಡಮ್ಮಾರೆ. ಔಷಧಿ ಸುಲಭಕ್ಕೆ ಇಳಿಯಲ್ಲ. ಇಲ್ಲೇ ಎಲ್ಲೋ ಮನೆ ಮಾಡಿದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ."

"ನಂಗೆ ಮಲಗಿ ನೋಡೋದು ಬಿಟ್ರೆ ಇನ್ನೇನು ಕೆಲ್ಸ? ಅಗೋ, ಆ ಬಾಟ್ಲಿ ನೋಡು. ಗಾಯ ತೊಳಿಯೋ ಲೋಷನ್ನು ಮುಗಿಯಕ್ ಮುಂಚೇನೇ ಮೇಲೆ ಮೇಲೆ ಹುಯ್ತಾರೆ. ಒಂದಿನಾನೂ ತೊಳ್ದಿದ್ದು ಕಾಣೆ. ಮಜ್ಜಿಗೆ ಗಡಿಗೆನಾದ್ರೂ ದಿನಾ ತೊಳಿತೀವಿ ಕಣವ್ವ!"

ನರ್ಸ್ ಅಂಕಮ್ಮನಿಗೆ ಸಿಟ್ಟು ಬಂತು. "ಅದು ಹುಳ ಸಾಯ್ಸೋ ಲೋಷನ್ ಕಣಜ್ಜಿ! ಅದ್ರೊಳಗೆ ಹುಳ ಹೆಂಗಿರ್ತವೆ?"

ನಿಖತ್‌ಗೂ ನಂಬಿಕೆಯಿರಲಿಲ್ಲ. ಆದರೂ ಬಾಟಲಿಯಿಂದ ನಾಲ್ಕು ಹನಿ ಒಯ್ದಳು. ಮೂರನೇ ದಿನ ತಟ್ಟೆಯಲ್ಲಿ ಅದೇ ಹಸಿರು, ಒಂದೇ ಒಂದು ಉಂಗುರ.

ಅಂಕಮ್ಮ ಅತ್ತೇಬಿಟ್ಟಳು. ಚೌಡಮ್ಮ ಅವಳ ಕೈ ಹಿಡಿದು, "ಬುಡು ಮಗ, ಬೇಕಂತ ಮಾಡುದ್ಯಾ? ನಿನ್ ಕೈಯಾಗೇ ನಾನು ಬದುಕ್ಕಂಡಿರೋದು" ಎಂದಳು. ಡಾಕ್ಟರೂ ಯಾರನ್ನೂ ಬೈಯಲಿಲ್ಲ. "ಹೇಳಿಕೊಡಬೇಕಾಗಿದ್ದವನು ನಾನು" ಎಂದು ತಪ್ಪೊಪ್ಪಿಕೊಂಡರು. ಹಳೆಯ ಬಾಟಲಿಗಳೆಲ್ಲ ಆಚೆ ಹೋದವು. ಚಿಕ್ಕ ಬಾಟಲಿಗಳು ಬಂದವು. ದಿನಾ ಖಾಲಿ ಮಾಡಿ, ತೊಳೆದು, ಕುದಿಸುವ ಕೆಲಸವನ್ನು ಅಂಕಮ್ಮ ಹಟ ಹಿಡಿದು ತಾನೇ ವಹಿಸಿಕೊಂಡಳು. ತಿಂಗಳೊಳಗೆ ಮೂವರ ಗಾಯವೂ ಮಾಯಿತು.

ಮನೆಗೆ ಹೊರಡುವ ದಿನ ಡಾಕ್ಟರು ಕೊನೆಯ ಸಲ ಕಾಲು ನೋಡಲು ಬಂದರು. ಪಕ್ಕದ ಮಂಚದವಳ ಗಾಯ ಮುಟ್ಟಿ ನೇರ ಇತ್ತ ತಿರುಗಿದ್ದರು. ಚೌಡಮ್ಮ ಸರಕ್ಕನೆ ಕಾಲೆಳೆದುಕೊಂಡಳು.

"ಕೈ ತೊಳ್ಕಂಡ್ರಾ ಸಾ?"

ವಾರ್ಡೆಲ್ಲ ಗೊಳ್ಳೆಂದಿತು. ಡಾಕ್ಟರು ಕೆಂಪಗಾಗಿ, ತಾವೂ ನಕ್ಕು, ಸೋಪು ಹುಡುಕುತ್ತ ನಲ್ಲಿಯ ಕಡೆ ನಡೆದರು.