ಒಳಗಿಲ್ಲದ ಧೂಳು

ಕಿನು ಸಾನ್ ಕೆಮ್ಮಿದರೆ ಕಾಗದ ಉದುರುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅದು ಪೂರಾ ತಮಾಷೆಯೂ ಅಲ್ಲ. ಸಂಜೆ ಮೂಗು ಒರೆಸಿಕೊಂಡರೆ ಅವರ ಕರವಸ್ತ್ರಕ್ಕೆ ಬೂದಿಬಣ್ಣದ ಅಂಟು ಹತ್ತುತ್ತಿತ್ತು. ಹುಬ್ಬು, ರೆಪ್ಪೆ, ಕಿವಿಯ ಸಂದು, ಎಲ್ಲ ಕಡೆ ಹಿಟ್ಟಿನಂಥ ಕಾಗದದ ಪುಡಿ. ಊಟದ ಡಬ್ಬಿಯ ಅನ್ನದುಂಡೆಯ ಮೇಲೂ ಅದೇ.

ನಮ್ಮದು ಸೈತಾಮಾದಲ್ಲಿ, ಅರಾಕಾವಾ ಹೊಳೆಯ ಪಕ್ಕದ ತಗಡಿನ ಗೋದಾಮು. ಟೋಕಿಯೊದ ಒಂದು ದೊಡ್ಡ ವಿದ್ವತ್ ಪ್ರಕಾಶನದ್ದು. ಅಂಗಡಿಗಳಲ್ಲಿ ಮಾರಾಟವಾಗದೆ ವಾಪಸಾದ ಪುಸ್ತಕಗಳೆಲ್ಲ ಇಲ್ಲಿಗೆ ಬರುತ್ತವೆ. ಸಮುದ್ರತಳದ ಕೆಸರಿನ ರಸಾಯನಶಾಸ್ತ್ರ, ತೆರಿಗೆ ಕಾನೂನು, ಜೀರುಂಡೆಗಳ ಜಾತಿಗಳು, ಬೌದ್ಧ ಸೂತ್ರಗಳ ವ್ಯಾಕರಣ, ಶ್ವಾಸಕೋಶದ ರೋಗಗಳು. ಲೋಕದಲ್ಲಿ ಯಾವ ಶಾಸ್ತ್ರ ಇದೆಯೋ ಅದೆಲ್ಲ ನಮ್ಮ ಮೇಜಿನ ಮೇಲೆ ಬಂದು ಬಿದ್ದಿದೆ. ಕಪಾಟಿನಲ್ಲಿ ನಿಂತು ನಿಂತು ಅವುಗಳ ಅಂಚು ಕಂದಿರುತ್ತದೆ. ಕೊಳ್ಳದೆ ಬರೀ ತಿರುವಿ ಹಾಕಿದವರ ಬೆರಳಿನ ಕೊಳೆ ಇರುತ್ತದೆ. ಕಿನು ಸಾನ್ ಅವನ್ನು ಕಟ್ಟು ಕಟ್ಟಾಗಿ ಯಂತ್ರಕ್ಕೆ ಕೊಟ್ಟು ಮೂರು ಅಂಚನ್ನೂ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ನಾನು ಹಳೆಯ ಹೊದಿಕೆ ಕಿತ್ತು ಹೊಸದನ್ನು ತೊಡಿಸುತ್ತೇನೆ. ಮದುಮಗಳ ಹಾಗೆ ಸಿಂಗಾರವಾಗಿ ಪುಸ್ತಕ ಮತ್ತೆ ಅಂಗಡಿಗೆ ಹೋಗುತ್ತದೆ. ಮಾರದಿದ್ದರೆ ಮತ್ತೆ ನಮ್ಮ ಮನೆಗೇ. ಹೀಗೆ ಹೋಗಿ ಬಂದು ಹೋಗಿ ಬಂದು ಪುಸ್ತಕ ಸಣ್ಣದಾಗುತ್ತದೆ. ಉಜ್ಜಿದ ಪುಡಿ ನಮ್ಮ ಎದೆಯೊಳಗೆ ಹೋಗುತ್ತದೆ.

ಪುಡಿ ಎಳೆದುಕೊಳ್ಳಲು ಯಂತ್ರಗಳ ತಲೆಯ ಮೇಲೆ ಒಂದು ದೊಡ್ಡ ಫ್ಯಾನ್ ಇದೆ. ಅದು ಕೆಟ್ಟು ವರ್ಷಗಳೇ ಆದವು.

"ಕಾತ್ಸುಮಾತಾ ಸಾನ್, ಫ್ಯಾನಿಂದು ಏನಾಯ್ತು?" ಎಂದು ಕಿನು ಸಾನ್ ಸೂಪರ್‌ವೈಜರನ್ನು ಕೇಳುವರು.

"ಹೆಡ್ಡಾಫೀಸಿಗೆ ಹೇಳಿದ್ದೀನಿ."

"ಹೋದ ವರ್ಷಾನೂ ಅದೇ ಹೇಳಿದ್ರಿ."

"ಹೋದ ವರ್ಷಾನೂ ಹೇಳಿದ್ದೆ ಕಣ್ರೀ! ನಾನೇನ್ ಮಾಡ್ಲಿ, ಬಾಯಿಂದ ಗಾಳಿ ಎಳೀಲಾ?"

ಅವನೂ ಗುತ್ತಿಗೆಯವನೇ. ಮೇಲಿನವರ ಮುಂದೆ ಬಾಗಿ ಬಾಗಿ ಅವನ ಬೆನ್ನು ನೆಟ್ಟಗೆ ನಿಲ್ಲುವುದನ್ನೇ ಮರೆತಿತ್ತು. ಕಂಪನಿಯ ಡಾಕ್ಟರು ಕಿನು ಸಾನ್ ಎದೆಗೆ ಕೊಳವೆ ಇಟ್ಟು "ವಯಸ್ಸು" ಎಂದಿದ್ದ. ಬೆಳಿಗ್ಗೆ ನಾವೆಲ್ಲ ಸಾಲಾಗಿ ನಿಂತು ರೇಡಿಯೊ ವ್ಯಾಯಾಮ ಮಾಡುತ್ತೇವೆ. ಕೊನೆಯಲ್ಲಿ ಉಸಿರು ಉದ್ದಕ್ಕೆ ಎಳೆಯಿರಿ ಎನ್ನುತ್ತದೆ ರೇಡಿಯೊ. ಕಿನು ಸಾನ್ ಕೈ ಮಾತ್ರ ಮೇಲೆತ್ತುತ್ತಿದ್ದರು.

ಅವರು ಒಂಟಿ. ಗಂಡ ತೀರಿಹೋಗಿದ್ದ, ಮಕ್ಕಳಿಲ್ಲ. ಒಂದು ಬೆಕ್ಕಿತ್ತು, ಅದೂ ಸತ್ತಿತ್ತು. ಗೋದಾಮಿನಲ್ಲಿ ಯಂತ್ರದ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸದು. ಪಕ್ಕದಲ್ಲೇ ಇರುವ ನನಗೂ ಅವರ ಮನೆಯ ಸುದ್ದಿ ಗೊತ್ತಿದ್ದದ್ದು ಇಷ್ಟೇ.

ಹೀಗಿರುವಾಗ ಒಂದು ಚಳಿಗಾಲದಲ್ಲಿ ನಿರಾಸಾಕಿ ಮೇಷ್ಟ್ರು ಬಂದರು. ವಿಶ್ವವಿದ್ಯಾಲಯದವರು, ಸಮಾಜಶಾಸ್ತ್ರ. ನಮ್ಮ ಪ್ರಕಾಶನವೇ ಅವರ ಪುಸ್ತಕಗಳನ್ನು ತರುವುದು. ಗೋದಾಮಿನ ಹೆಂಗಸರ ಬಗ್ಗೆ ಬರೆಯುತ್ತೇನೆ ಅಂದರು. ಸಿಹಿ ಹೂರಣದ ಮಿಠಾಯಿ ಡಬ್ಬಿ ತಂದು, ನಮ್ಮಂಥವರಿಗೂ ಸೊಂಟ ಮುರಿಯುವ ಹಾಗೆ ಬಾಗಿ ನಮಸ್ಕರಿಸಿದರು. ನಾನು ಮಿಠಾಯಿ ತಿಂದು, "ಹೊದಿಕೆ ಹಾಕ್ತೀನಿ, ಹೊದಿಕೆ ತೆಗೀತೀನಿ, ಬರ್ಕೊಳಿ" ಎಂದು ಎದ್ದುಬಂದೆ. ಕಿನು ಸಾನ್ ಮಾತ್ರ ಅವರನ್ನು ಮನೆಗೇ ಕರೆದರು.

ಆ ಚಳಿಗಾಲವೆಲ್ಲ ಮೇಷ್ಟ್ರು ವಾರವಾರ ಅವರ ಮನೆಗೆ ಹೋದರು. ಕಿನು ಸಾನ್ ನಡಿಗೆಯೇ ಬದಲಾಯಿತು. ಒಂದು ದಿನ ಊಟದ ಹೊತ್ತಿಗೆ ನನ್ನ ಕಿವಿಯ ಹತ್ತಿರ ಬಂದು ಹೆಸರು ಹಿಡಿದು ಕರೆದು, "ಹಾಗಿನೊ, ಮನೇಲಿ ಹಾಕ್ಕೊಳೋಕೆ ಗಂಡಸರ ಚಪ್ಪಲಿ ಎಲ್ಲಿ ಚೆನ್ನಾಗಿ ಸಿಗುತ್ತೆ?" ಎಂದರು.

"ಓಹೋ! ಏನ್ ಸಮಾಚಾರ?"

"ಥೂ ಹೋಗೆ. ಮೇಷ್ಟ್ರು ಬರ್ತಾರಲ್ಲ, ಬರೀ ಕಾಲು ನೆಲದ ಮೇಲೆ ತಣ್ಣಗಾಗುತ್ತೆ ಅಂತ."

"ಅದೇನ್ ಅಷ್ಟೊಂದು ಮಾತಾಡ್ತೀರಾ ನೀವು? ಇಲ್ಲಿ ನಮ್ಮ ಹತ್ರ ಬಾಯಿ ಬಿಡಲ್ಲ."

"ಅವರು ಕೇಳ್ತಾರೆ ಕಣೆ. ಕೇಳಿದ್ರೆ ಬರುತ್ತೆ ಮಾತು. ಆಮೇಲೆ ಇನ್ನೊಂದು ವಿಷ್ಯ. ಫ್ಯಾನಿಂದು ಹೇಳಿದ್ದೀನಿ. ಪ್ರತಿ ಸಲಾನೂ ಹೇಳ್ತೀನಿ. ಅದನ್ನ ಖಂಡಿತ ಬರೀರಿ ಮೇಷ್ಟ್ರೇ ಅಂತ. ಹ್ಞೂಂ ಅಂದಿದ್ದಾರೆ."

"ಬರೆದ್ರೆ ಏನಾಗುತ್ತೆ?"

ಕಿನು ಸಾನ್ ನನ್ನನ್ನು ದಡ್ಡಿಯ ಹಾಗೆ ನೋಡಿದರು. "ನಾನು ಹೇಳಿದ್ರೆ ಅದು ಕೆಮ್ಮು. ಅಚ್ಚಾದ್ರೆ ಸತ್ಯ. ಕಂಪನಿ ತಂದ ಪುಸ್ತಕದಲ್ಲೇ ಅಚ್ಚಾದ್ಮೇಲೆ ಕಂಪನಿಯೋರು ಸುಳ್ಳು ಅನ್ನೋಕಾಗುತ್ತಾ?"

ನಾನು ನಗಲಿಲ್ಲ. ನನಗೂ ಹೌದೆನ್ನಿಸಿತ್ತು. ಬದುಕೆಲ್ಲ ಪುಸ್ತಕದ ಅಂಚನ್ನೇ ಮುಟ್ಟಿದವರು ನಾವು. ಕೆಲಸದ ಹೊತ್ತಿನಲ್ಲಿ ಪುಟ ತೆರೆಯಬಾರದೆಂದು ಗೋಡೆಯ ಮೇಲೆ ನಿಯಮ ಬರೆದು ಹಾಕಿದ್ದಾರೆ. ತೆರೆಯಗೊಡದ ವಸ್ತುವಿನ ಒಳಗೆ ನಿಜವೇ ಇರುತ್ತದೆ ಎಂದು ನಂಬುವುದು ಸುಲಭ.

ಚಳಿ ಕಳೆಯಿತು. ಕೊನೆಯ ದಿನ ಮೇಷ್ಟ್ರು ಕ್ಯಾಮೆರಾ ತಂದು ಏನೇನೋ ಚಿತ್ರ ತೆಗೆದುಕೊಂಡು, "ಪುಸ್ತಕ ಬಂದ ತಕ್ಷಣ ನಾನೇ ತಂದುಕೊಡ್ತೀನಿ, ಚಹಾ ಕುಡಿಯೋಣ" ಎಂದು ಹೇಳಿ ಹೋದರಂತೆ. ಚೆರ್ರಿ ಹೂ ಬಿಟ್ಟು ಉದುರಿತು. ಮಳೆಗಾಲ ಬಂತು. ಕಿನು ಸಾನ್ ಮನೆಯ ಬಾಗಿಲಲ್ಲಿ ಮೇಷ್ಟ್ರಿಗೆಂದು ಕೊಂಡ ಚಪ್ಪಲಿ ಒಳಮುಖವಾಗಿ ಜೋಡಿಸಿಟ್ಟಂತೆಯೇ ಇತ್ತು. ಅವರಿಗೆ ಜ್ವರ ಬಂದಾಗ ಗಂಜಿ ಕೊಡಲು ಹೋಗಿ ನಾನೇ ಕಣ್ಣಾರೆ ಕಂಡೆ. ನಾನು ಕಾಲಿಡಹೋದರೆ, "ಅದು ಬೇಡ, ಇದನ್ನ ಹಾಕ್ಕೋ" ಎಂದು ತಮ್ಮದನ್ನೇ ಬಿಟ್ಟುಕೊಟ್ಟರು. ನನಗೆ ಸಿಟ್ಟು ಬಂತು. ಮೇಷ್ಟ್ರ ಮೇಲೆ ಬರಬೇಕಿದ್ದ ಸಿಟ್ಟು, ಕಿನು ಸಾನ್ ಮೇಲೆ ಬಂತು.

ಪುಸ್ತಕ ಬಂದದ್ದು ಮರುವರ್ಷ. ಮೇಷ್ಟ್ರು ತರಲಿಲ್ಲ. ಲಾರಿ ತಂತು, ವಾಪಸಾದ ಮಾಲಿನ ಜೊತೆ.

ಹೊಸ ಹೊದಿಕೆಗಳ ಕಟ್ಟು ಬಿಚ್ಚಿದಾಗ ನನಗೆ ಮೊದಲು ಕಂಡದ್ದು ಕೈ. ಹೊದಿಕೆಯ ತುಂಬ ಎರಡು ಕೈಗಳ ಚಿತ್ರ. ಬಲಗೈ ಹೆಬ್ಬೆರಳಿನ ಉಗುರು ಸೀಳಿ, ಬೆಳೆದದ್ದು ಸೊಟ್ಟ. ಆ ಹೆಬ್ಬೆರಳು ನನ್ನ ಪಕ್ಕದಲ್ಲೇ ಕೆಲಸ ಮಾಡುತ್ತಿತ್ತು. ಚಿತ್ರದ ಕೆಳಗೆ 'ಸದ್ದಿಲ್ಲದವರು: ಗೋದಾಮಿನ ಒಂಟಿ ಹೆಂಗಸರು' ಎಂದು ಅಚ್ಚಾಗಿತ್ತು.

ಒಂದು ಪ್ರತಿಯನ್ನು ಏಪ್ರನ್ನಿನ ಒಳಗೆ ಸೇರಿಸಿಕೊಂಡೆ. ಊಟದ ಹೊತ್ತಿಗೆ ಕಿನು ಸಾನ್‌ರನ್ನು ಹಿಂದುಗಡೆ ಕರೆದುಕೊಂಡು ಹೋದೆ. ಅವರ ಕನ್ನಡಕಕ್ಕೆಲ್ಲ ಪುಡಿ. ಒರೆಸಿ ಕೊಟ್ಟೆ.

"ಬಂತಾ! ಎಲ್ಲಿದೆ, ಫ್ಯಾನಿಂದು ಎಲ್ಲಿದೆ, ನೋಡು!"

ನೋಡಿದೆವು. ಕಿನು ಸಾನ್ ಅದರಲ್ಲಿ 'ಕ' ಎಂಬ ಅಕ್ಷರವಾಗಿದ್ದರು. 'ಕ' ಒಬ್ಬಳೇ ಊಟ ಮಾಡುತ್ತಾಳೆ. 'ಕ' ಸತ್ತ ಬೆಕ್ಕಿನ ತಟ್ಟೆಯನ್ನು ಈಗಲೂ ತೊಳೆದಿಡುತ್ತಾಳೆ. ಟಿವಿಯಲ್ಲಿ ವಾರ್ತೆ ಓದುವವನು ಕೊನೆಗೆ ಶುಭರಾತ್ರಿ ಎಂದಾಗ 'ಕ' ತಲೆಬಾಗಿಸಿ, "ನಿಮಗೂ" ಎನ್ನುತ್ತಾಳೆ. ಇದನ್ನು ನಾನು ಓದುತ್ತಿದ್ದಾಗ ಕಿನು ಸಾನ್ ಕೈಚಾಚಿ ಪುಟವನ್ನು ಅಂಗೈಯಿಂದ ಮುಚ್ಚಿದರು.

"ಇದನ್ನ ಯಾರಿಗೂ ಹೇಳಿರ್ಲಿಲ್ಲ," ಅಂದರು. "ನಿಂಗೂ ಹೇಳಿರ್ಲಿಲ್ಲ."

ಫ್ಯಾನ್ ಇರಲಿಲ್ಲ. ಮೊದಲಿಂದ ಕೊನೆಯವರೆಗೆ ಹುಡುಕಿದೆವು. ಧೂಳು ಎಂಬ ಮಾತೂ ಇರಲಿಲ್ಲ. "ಇವರು ದೂರುವುದಿಲ್ಲ, ಮೌನ ಇವರ ಸ್ವಭಾವವೇ ಆಗಿದೆ" ಎಂದಿತ್ತು. ಮುನ್ನುಡಿಯಲ್ಲಿ, ಉದಾರ ಮನಸ್ಸಿನಿಂದ ಗೋದಾಮಿನ ಬಾಗಿಲು ತೆರೆದ ಪ್ರಕಾಶನದ ಅಧ್ಯಕ್ಷರಿಗೆ ಮೇಷ್ಟ್ರು ಋಣಿಯಾಗಿದ್ದರು.

"ಮರೆತಿರ್ಬೇಕು," ಎಂದರು ಕಿನು ಸಾನ್.

"ಬೆಕ್ಕಿನ ತಟ್ಟೆ ಮರೀಲಿಲ್ಲ, ಫ್ಯಾನ್ ಮರೆತ್ರಾ?" ನಾನು ಕಿರುಚಿಯೇಬಿಟ್ಟೆ. "ತಮಗೆ ಅನ್ನ ಹಾಕೋ ಕಂಪನಿ ವಿಷ್ಯ ಬರೆಯೋಕೆ ಧೈರ್ಯ ಬೇಕು ಕಿನು ಸಾನ್. ನಿಮ್ಮ ವಿಷ್ಯ ಬರೆಯೋಕೆ ಏನ್ ಬೇಕು?"

ಅವರು ಅಳಲಿಲ್ಲ. ಹೊದಿಕೆಯ ಮೇಲಿನ ಕೈಗಳನ್ನೇ ನೋಡಿದರು. ಆಮೇಲೆ, "ಅವರ ಜೊತೆ ಮಾತಾಡೋಕೆ ಅಂತ ವಾರವೆಲ್ಲ ಮಾತು ಕೂಡಿಡ್ತಿದ್ದೆ ಕಣೆ," ಅಂದರು. ಅಷ್ಟು ಒಂಟಿಯಾದ ಮುಖವನ್ನು ನಾನು ಆಮೇಲೆ ಯಾವತ್ತೂ ಕಂಡಿಲ್ಲ. ಪಕ್ಕದಲ್ಲೇ ಕೂತಿದ್ದ ನಾನು ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

ಊಟದ ಗಂಟೆ ಮುಗಿಯುತ್ತಲೇ ಕಾತ್ಸುಮಾತಾ ಓಡಿಬಂದ.

"ನಿರಾಸಾಕಿ ಮೇಷ್ಟ್ರ ಪುಸ್ತಕ ಮೊದ್ಲು! ಪ್ರಶಸ್ತಿ ಬಂದಿದೆಯಂತೆ, ಅಂಗಡಿಯೋರೆಲ್ಲ ಕೇಳ್ತಿದ್ದಾರೆ. ಸಂಜೆ ಲಾರಿಗೆ ಹೋಗ್ಬೇಕು. ಕಿನು ಸಾನ್, ಅಂಚು ಹಾಲಿನ ಥರ ಬೆಳ್ಳಗಿರ್ಬೇಕು!"

ಯಂತ್ರಗಳು ಶುರುವಾದವು. ಆದರೆ ಕಿನು ಸಾನ್ ಯಂತ್ರ ಶುರುವಾಗಲಿಲ್ಲ. ಅವರು ಕಂದಿದ ಪುಸ್ತಕಗಳನ್ನು ಹಾಗೆಯೇ ಜೋಡಿಸಿ ನನ್ನ ಕಡೆ ತಳ್ಳಿದರು.

"ಏನಿದು? ಉಜ್ಜಿಲ್ವಲ್ಲ!" ಕಾತ್ಸುಮಾತಾ ಗದ್ದಲದ ಮೇಲೆ ಕೂಗಿದ.

"ಇದನ್ನ ಉಜ್ಜಲ್ಲ," ಕಿನು ಸಾನ್ ಕೂಗಿದರು.

"ಧೂಳಿದೆ ಕಣ್ರೀ ಮೇಲೆ!"

"ಇರ್ಲಿ ಬಿಡಿ. ಒಳಗೆ ಬರೆದಿಲ್ಲ. ಹೊರಗಾದ್ರೂ ಇರ್ಲಿ."

ಅವನಿಗೆ ಅರ್ಥವಾಗಲಿಲ್ಲ. ಅವರನ್ನು ಪಕ್ಕಕ್ಕೆ ಸರಿಸಿ ತಾನೇ ಯಂತ್ರದ ಮುಂದೆ ನಿಂತ. ಒಂದು ಕಟ್ಟು ಒತ್ತಿದ. ಪುಡಿ ಎದ್ದು ಮುಖಕ್ಕೆ ಬಡಿಯಿತು. ಇನ್ನೊಂದು ಕಟ್ಟು ಒತ್ತುವಷ್ಟರಲ್ಲಿ ಕೆಮ್ಮು ಬಂದು ಬಗ್ಗಿಹೋದ. ಯಂತ್ರ ಆರಿಸಿದ. ಕಣ್ಣೊರೆಸಿಕೊಳ್ಳುತ್ತಾ ಪಕ್ಕದ ಯಂತ್ರದ ದಿಯೆಪ್‌ಳನ್ನು ಕರೆದ. ವಿಯೆಟ್ನಾಮಿನಿಂದ ಬಂದ ಹುಡುಗಿ; ಕಾತ್ಸುಮಾತಾ ಒಂದು ಮಾತು ಹೇಳಿದರೆ ಎರಡು ಸಲ ತಲೆಯಾಡಿಸುವವಳು.

"ದಿಯೆಪ್, ನೀನು ಮಾಡು ಇದನ್ನ."

ದಿಯೆಪ್ ಹೊದಿಕೆ ನೋಡಿದಳು. ಕಿನು ಸಾನ್ ಕೈ ನೋಡಿದಳು. ಅವಳಿಗೆ ಪುಸ್ತಕ ಓದಲು ಬರುತ್ತಿರಲಿಲ್ಲ, ಕೈ ಓದಲು ಬರುತ್ತಿತ್ತು. "ನನಗೂ ಕೆಮ್ಮು ಇದೆ," ಅಂದಳು. ತನ್ನ ಯಂತ್ರದ ಸ್ವಿಚ್ಚನ್ನೂ ಆರಿಸಿದಳು.

ಆಚೆಯವಳು ಆರಿಸಿದಳು. ಅದರಾಚೆಯವಳೂ. ನಾನು ಕೈಯಲ್ಲಿದ್ದ ಹೊದಿಕೆಯನ್ನು ಕೆಳಗಿಟ್ಟೆ.

"ಏನ್ರೀ ಇದು, ನನ್ನ ಕೆಲಸ ಹೋಗುತ್ತೆ ಕಣ್ರೀ," ಎಂದ ಕಾತ್ಸುಮಾತಾ. ಅವನ ದನಿ ತಗಡಿನ ಮಾಡಿಗೆ ತಾಗಿ ವಾಪಸು ಬಂತು. ಅಷ್ಟು ಮೌನವಾಗಿತ್ತು ಗೋದಾಮು. ನಾನು ಅಲ್ಲಿ ಸೇರಿದ ಮೇಲೆ ಹಗಲಲ್ಲಿ ಎಲ್ಲ ಯಂತ್ರವೂ ಒಟ್ಟಿಗೆ ನಿಂತದ್ದು ಅದೇ ಮೊದಲು.

ಆಗ ಒಂದು ಸದ್ದು ಕೇಳಿಸಿತು. ಬಾಗಿಲ ಸಂದಿನಲ್ಲಿ ಗಾಳಿ ಸಿಳ್ಳೆ ಹಾಕಿದ ಹಾಗೆ. ಎಳೆದು, ನಿಂತು, ಮತ್ತೆ ಎಳೆದು. ಎಲ್ಲಿಂದ ಎಂದು ಎಲ್ಲರೂ ತಿರುಗಿ ನೋಡಿದೆವು. ಕಿನು ಸಾನ್ ಎದೆಯಿಂದ ಬರುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದೆ ನಾನು. ಯಂತ್ರದ ಗದ್ದಲದಲ್ಲಿ ಒಂದು ದಿನವೂ ಕೇಳಿಸಿರಲಿಲ್ಲ. ಹೋಗಿ ಅವರ ಸೊಟ್ಟ ಹೆಬ್ಬೆರಳಿನ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಕಾತ್ಸುಮಾತಾ ಜೇಬಿನಿಂದ ಫೋನು ತೆಗೆದ. ಹೆಡ್ಡಾಫೀಸಿಗೆ ಹಚ್ಚಿದ. ಅಭ್ಯಾಸಬಲದಿಂದ, ಎದುರಿಗೆ ಯಾರೂ ಇಲ್ಲದಿದ್ದರೂ, ಫೋನಿಗೇ ಬಾಗಿದ. "ಸರ್, ಯಂತ್ರ ನಿಲ್ಲಿಸಿದ್ದಾರೆ. ಇಲ್ಲ ಸರ್, ಗಲಾಟೆ ಏನಿಲ್ಲ, ಸುಮ್ನೆ ನಿಂತಿದ್ದಾರೆ."

"ಸುಮ್ನೆ ಅಲ್ಲ," ಎಂದರು ಕಿನು ಸಾನ್.

ಅವರು ನನ್ನ ಕೈ ಬಿಡದೆಯೇ ಅವನ ಹತ್ತಿರ ಹೋದರು. ಫೋನನ್ನು ಇಸಿದುಕೊಂಡರು. ಅದನ್ನು ತಮ್ಮ ಎದೆಗೆ ಒತ್ತಿ ಹಿಡಿದು ಉಸಿರು ಉದ್ದಕ್ಕೆ ಎಳೆದರು. ಸಿಳ್ಳೆ ಎದ್ದಿತು. ಬಿಟ್ಟರು. ಮತ್ತೆ ಎಳೆದರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದರು.

"ಕೇಳಿಸ್ತಾ?" ಎಂದರು.