ಸೊನ್ನೆ ಒತ್ತಿದರೆ ಸಿಗುವಾಕೆ

ಸಿಡಿಲು ಬಡಿದು ಇದ್ದಿಲಾಗಿದ್ದ ಟೆಲಿಫೋನ್ ಪೆಟ್ಟಿಗೆಯೊಂದನ್ನು ಅವನು ಬರೀ ಬೈದು ಬೈದೇ ಬದುಕಿಸಿದ್ದ. ಸ್ಕ್ರೂಡ್ರೈವರನ್ನು ಚೀಲದಿಂದ ತೆಗೆಯಲೂ ಇಲ್ಲ. ಎರಡನೇ ಬೈಗುಳಕ್ಕೆ ದೀಪ ಹತ್ತಿತು, ಮೂರನೆಯದಕ್ಕೆ ಪೆಟ್ಟಿಗೆ ಕ್ಷಮೆ ಕೇಳಿತು, ನಾಲ್ಕನೆಯದಕ್ಕೆ ಇನ್ನೂರು ಫೋನುಗಳು ಒಟ್ಟಿಗೆ ಬಡಿದುಕೊಂಡು ಕಟ್ಟಡದ ಪಾರಿವಾಳಗಳೆಲ್ಲ ಊರು ಬಿಟ್ಟವು. ಇದನ್ನು ಕಣ್ಣಾರೆ ಕಂಡವನು ಒಬ್ಬನೇ ಒಬ್ಬ. ಅವನೇ.

ಇಂಥ ಕಥೆಗಳಿಂದಲೇ ಅವನಿಗೆ ಡಂಗುರ ಎಂಬ ಹೆಸರು ಬಿದ್ದಿತ್ತು. ಕಂಪನಿಗಳ ಫೋನು, ಕಂಪ್ಯೂಟರು, ನೆಟ್‌ವರ್ಕು ಕೆಟ್ಟರೆ ಹೋಗಿ ಸರಿಮಾಡಿಕೊಡುವ ಸಪೋರ್ಟ್ ಎಂಜಿನಿಯರ್. ಕೈಗೆ ಆಗಾಗ ಬಿಡುವಿರುತ್ತಿತ್ತು, ಬಾಯಿಗೆ ಮಾತ್ರ ಇರಲಿಲ್ಲ.

ಅವನ ಗಿರಾಕಿಗಳಲ್ಲಿ ನೀರಿನ ಪಂಪು ಮಾರುವ ಕಂಪನಿಯೂ ಒಂದು. ಅಲ್ಲಿ ಬಾಗಿಲ ಬಳಿಯ ಮೇಜಿನ ಹಿಂದೆ ಹತ್ತೊಂಬತ್ತು ವರ್ಷದಿಂದ ಆಪರೇಟರಕ್ಕ ಕೂತಿದ್ದಳು. ಹೊರಗಿನಿಂದ ಯಾರೇ ಫೋನ್ ಮಾಡಲಿ, ಎತ್ತುವವಳು ಆಕೆ. ಒಳಗಿನವರು ಸೊನ್ನೆ ಒತ್ತಿದರೆ ಸಿಗುವವಳೂ ಆಕೆಯೇ. ಗಿರಾಕಿ ಬಾಯಿ ಬಿಡುವ ಮೊದಲೇ ಕೆಮ್ಮಿನಲ್ಲಿ ಗುರುತು ಹಿಡಿದು, ಕರೆಯನ್ನು ಯಾರಿಗೆ ಕೊಡಬೇಕೋ ಅವರಿಗೆ ಕೊಟ್ಟುಬಿಡುತ್ತಿದ್ದಳು.

ಒಂದು ಶುಕ್ರವಾರ ಬೆಳಿಗ್ಗೆ ಡಂಗುರ ಆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪುಟ್ಟ ಮೈಕು ಇಟ್ಟ.

"ಅಕ್ಕಾ, ನಿಮ್ಮ ದನಿ ಬೇಕಿತ್ತು."

"ಯಾಕೋ? ನಿಂದು ಸವೆದುಹೋಯ್ತಾ?"

"ರಜಾ ದಿನಕ್ಕೆ ಅಕ್ಕಾ. ನೀವು ಊಟಕ್ಕೆ ಎದ್ದಾಗ ಮೆಷೀನು ಮಾತಾಡ್ಲಿ ಅಂತ. ಮಾರಾಟಕ್ಕೆ ಒಂದು ಒತ್ತಿ, ರಿಪೇರಿಗೆ ಎರಡು ಒತ್ತಿ, ಹೀಗೆ ಏಳು ಸಾಲು. ನಾನು ಎಂಟು ಸಾವಿರ ದನಿ ಕೇಳಿದೀನಿ, ಇಂಥದ್ದು ಇನ್ನೊಂದಿಲ್ಲ."

"ಬುರುಡೆ ಬಿಡೋದ್ರಲ್ಲಿ ನಿನ್ನನ್ನ ಮೀರಿಸೋರಿಲ್ಲಪ್ಪ," ಎಂದರೂ ಆಕೆ ನೀರು ಕುಡಿದಳು, ದನಿಗೂ ಕನ್ನಡಿ ಬೇಕೆಂಬಂತೆ ಕೂದಲು ಸರಿಮಾಡಿಕೊಂಡಳು. ಮೂರು ಸಾಲು ಹೂವೆತ್ತಿದಷ್ಟು ಸಲೀಸಾಗಿ ಮುಗಿದವು. ಅಷ್ಟರಲ್ಲಿ ಆಕೆಯ ಮೊಬೈಲು ಹೊಡೆದುಕೊಂಡಿತು. "ಐದೇ ನಿಮಿಷ ಡಾಕ್ಟ್ರೇ, ನಾನೇ ಮಾಡ್ತೀನಿ," ಎಂದು ಇಟ್ಟು, ಕುರ್ಚಿಯನ್ನು ಅವನತ್ತ ಎಳೆದುಕೊಂಡಳು.

"ನೋಡೋ, ಮುಂದಿನ ರಸ್ತೆ ಹಲ್ಲಿನ ಡಾಕ್ಟ್ರು ಕೆಲಸಕ್ಕೆ ಕರೀತಿದಾರೆ. ಇವತ್ತು ಹನ್ನೆರಡರೊಳಗೆ ಹೇಳ್ಬೇಕಂತೆ, ಇನ್ನೊಬ್ಳು ಕಾಯ್ತಿದಾಳೆ. ನಮ್ಮನೆಯವ್ರು ಹಾಸಿಗೆ ಹಿಡಿದು ಎರಡು ವರ್ಷ ಆಯ್ತು, ದುಡಿಯೋಳು ನಾನೊಬ್ಳೇ. ಈ ಕಂಪನಿ ಅಲ್ಲಾಡ್ತಿದೆ ಅಂತ ಒಳಗೆ ಗುಸುಗುಸು. ನೀನು ಮ್ಯಾನೇಜರ ರೂಮಿಗೂ ಹೋಗೋನು. ಏನಂತೀಯ, ಹೋಗ್ಲಾ?"

ಡಂಗುರ ಮೈಕನ್ನು ಅತ್ತಿತ್ತ ಸರಿಸಿದ. ಅವನ ಕಸುಬಿನ ಕಹಿ ಅದು: ಯಾರ ಪಾಸ್‌ವರ್ಡ್ ಮುಚ್ಚಬೇಕು, ಯಾರ ಫೋನು ಕೀಳಬೇಕು ಎಂಬುದು ಕೆಲಸ ಕಳೆದುಕೊಳ್ಳುವವರಿಗಿಂತ ಮೊದಲು ಎಂಜಿನಿಯರಿಗೆ ತಿಳಿಯುತ್ತದೆ. ಸೋಮವಾರದಿಂದ ಎಲ್ಲ ಕರೆಗಳನ್ನೂ ಮೆಷೀನೇ ಎತ್ತಬೇಕೆಂಬ ಆದೇಶ ಅವನ ಚೀಲದಲ್ಲಿತ್ತು. ಸಿಬ್ಬಂದಿಗೆ ತಿಳಿಸಕೂಡದೆಂದು ಮ್ಯಾನೇಜರು ಎರಡೆರಡು ಸಲ ಹೇಳಿದ್ದರು.

"ನೀವಿಲ್ದೆ ಈ ಕಂಪನಿ ನಡೆಯುತ್ತಾ ಅಕ್ಕಾ?" ಎಂದ. "ಮಾಲೀಕರಿಗೆ ಅವರ ಹೆಂಡತಿ ನಂಬರನ್ನೂ ನೀವೇ ಹೇಳ್ಕೊಡ್ಬೇಕು. ಕಟ್ಟಡ ಬಿದ್ರೂ ನಿಮ್ಮ ಮೇಜು ನಿಂತಿರುತ್ತೆ."

ಆಕೆ ಮನಸಾರೆ ನಕ್ಕಳು. ನಗುತ್ತಲೇ ಡಾಕ್ಟರಿಗೆ ಫೋನ್ ಮಾಡಿ, "ಇಲ್ಲ ಡಾಕ್ಟ್ರೇ, ನಾನು ಇಲ್ಲೇ ಇರ್ತೀನಿ. ಇವರಿಗೆ ನನ್ನ ಬಿಟ್ರೆ ಗತಿಯಿಲ್ಲ," ಎಂದಳು. ಉಳಿದ ನಾಲ್ಕು ಸಾಲುಗಳಿಗೂ ಆ ನಗು ಅಂಟಿಕೊಂಡಿತು. ಡಂಗುರ ಅದನ್ನು ಒರೆಸಲು ಹೋಗಲಿಲ್ಲ, ಹಾಗೇ ಉಳಿಸಿಕೊಂಡ.

ಮೂರು ಗಂಟೆಗೆ ಕೆಲಸ ಮುಗಿಯಿತು. ಕೆಲಸ ಮುಗಿದ ಮೇಲೆ ಆದೇಶದ ಹಾಳೆಗೇ ಗಿರಾಕಿಯ ಕಡೆಯವರ ಸಹಿ ಬೇಕು. ಆ ಕಂಪನಿಯಲ್ಲಿ ಅಷ್ಟು ವರ್ಷವೂ ಸಹಿ ಹಾಕುತ್ತಿದ್ದವಳು ಆಪರೇಟರಕ್ಕನೇ, ಅದೂ ಕಣ್ಣು ಮುಚ್ಚಿ. ಡಂಗುರನ ಕೈ ತಾನಾಗಿ ಚೀಲಕ್ಕಿಳಿಯಿತು, ಹಾಳೆ ತೆಗೆಯಿತು, ಆಕೆಯ ಮುಂದಿಟ್ಟಿತು. ತಲೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಆಕೆ ಕನ್ನಡಕ ಹಾಕಿಕೊಂಡಾಗಿತ್ತು.

"ದನಿ ಯಾರದ್ದು ಅಂತ ಬರೆದಿದೀಯೇನೋ? ನನ್ನ ಹೆಸರು ಹಾಕಿದೀಯಾ?"

"ಅಕ್ಕಾ, ಅದು ಕೊಡಿ, ಬೇರೆ ಹಾಳೆ..."

ಆಕೆ ಓದಿದಳು. ಆಪರೇಟರ್ ಮೇಜು ಮತ್ತು ಫೋನು ಸೋಮವಾರ ತೆರವು. ಆದೇಶದ ತಾರೀಕು, ಹದಿನೈದು ದಿನದ ಹಿಂದಿನದು.

"ಬೇರೆ ಕಂಪನಿಯದ್ದು ಬಂದ್ಬಿಟ್ಟಿದೆ," ಎಂದ ಡಂಗುರ.

"ಮೇಲೆ ನಮ್ಮ ಕಂಪನಿ ಹೆಸರಿದೆ."

"ತೆರವು ಅಂದ್ರೆ... ಹೊಸ ಮೇಜು ಬರ್ತಿದೆ ಅಕ್ಕಾ. ತೇಗದ್ದು. ನಾನೇ ಹೇಳಿ ಮಾಡಿಸ್ತಿದೀನಿ, ಎಂಟು ಡ್ರಾಯರಿಂದು..."

ಆಕೆ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಎಂಟು ಡ್ರಾಯರುಗಳೂ ಒಂದೊಂದಾಗಿ ಅವನ ಬಾಯಲ್ಲೇ ಮುಚ್ಚಿಕೊಂಡವು. ಆಮೇಲೆ ಮೊಬೈಲು ಎತ್ತಿ ಡಾಕ್ಟರಿಗೆ ಮಾಡಿದಳು. "ಹೌದಾ... ಇಲ್ಲ ಇಲ್ಲ, ಪರವಾಗಿಲ್ಲ ಡಾಕ್ಟ್ರೇ," ಎಂದು ಇಟ್ಟಳು.

"ಆ ಹುಡುಗಿ ಹನ್ನೆರಡೂವರೆಗೇ ಬಂದು ಕೂತಳಂತೆ."

ಮೇಜಿನ ಫೋನು ರಿಂಗಾಯಿತು. ಆಕೆ ಎತ್ತಿ, ಎಂದಿನ ದನಿಯಲ್ಲೇ, "ನಮಸ್ಕಾರ ಸರ್, ರಿಪೇರಿಗಲ್ವಾ? ಕೊಡ್ತೀನಿ ಇರಿ," ಎಂದು ಒಳಗೆ ಕಳಿಸಿದಳು. ರಿಸೀವರ್ ಇಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ.

"ಹೋಗ್ಲಾ ಅಂತ ಕೇಳ್ದಾಗ ನಿಂಗೆ ಗೊತ್ತಿತ್ತಾ?"

"ಯಾರಿಗೂ ಹೇಳ್ಬಾರ್ದು ಅಂದಿದ್ರು ಅಕ್ಕಾ. ಹೇಳಿದ್ರೆ ನನ್ನ ಕೆಲಸಕ್ಕೆ ಕುತ್ತು."

"ಹೇಳ್ಬೇಡ, ಸರಿ. 'ನಂಗೇನು ಗೊತ್ತು, ನಿಮ್ಮಿಷ್ಟ' ಅಂದಿದ್ರೆ ಯಾರು ಕೇಳ್ತಿದ್ರು? ನಾನು ಹೋಗ್ತಿದ್ದೆ ಕಣೋ. ಹೋಗೋಕೆ ಒಂದು ಕಾಲು ಎತ್ತಿದ್ದೆ. ಇರಿ ಅಂತ ಯಾಕಂದೆ?"

ಮ್ಯಾನೇಜರ ಮೇಲೆ ಹಾಕಬಹುದಿತ್ತು. ಅಕ್ಕನ ಮೇಲಿನ ಅಭಿಮಾನಕ್ಕೆ ಹಾಗಂದೆ ಎನ್ನಬಹುದಿತ್ತು. ಅದು ನಾಲಗೆಯ ತುದಿಗೇ ಬಂದಿತ್ತು. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವುದನ್ನು ಕಂಡಾಗ ಆ ಸುಳ್ಳು ಅಲ್ಲೇ ಸತ್ತಿತು.

"ಇನ್ನೂ ನಾಲ್ಕು ಸಾಲು ಬಾಕಿ ಇತ್ತಕ್ಕಾ," ಎಂದ, ನೆಲ ನೋಡುತ್ತ. "ನೀವು ಬೇರೆ ಕಡೆ ಹೋಗ್ತೀನಿ ಅಂದ್ಬಿಟ್ರೆ ದನಿ ಕೊಡ್ತೀರೋ ಇಲ್ವೋ ಅನ್ನಿಸ್ತು. ಒಂದೇ ಸಲಕ್ಕೆ ಮುಗಿಸ್ಕೊಂಡು ಬರ್ತೀನಿ ಅಂತ ನಮ್ಮ ಸಾಹೇಬ್ರ ಮುಂದೆ ಜಂಭ ಕೊಚ್ಕೊಂಡಿದ್ದೆ. ಅದಕ್ಕೇ ಇರಿ ಅಂದೆ. ಬೇರೆ ಕಾರಣ ಏನೂ ಇಲ್ಲ."