ಏಳರ ಉಂಗುರ

"ಅವಳಿದ್ದಿದ್ರೆ ನಾನೇನು ಮಾತಾಡ್ಬೇಕು ಅಂತ ಬರ್ಕೊಡ್ತಿದ್ಳು," ಎಂದು ಪ್ರೊಫೆಸರ್ ಚರ್ಚಿನಲ್ಲಿ ಶವಪೆಟ್ಟಿಗೆಯ ಮೇಲೆ ಹೂವಿಡುತ್ತಲೇ ಪೇಚಾಡಿದರು.

"ಬರ್ದಿಟ್ಟೇ ಹೋಗಿದಾಳೆ ಸಾರ್," ಎಂದಳು ತಂಗಿ, ಮಡಚಿದ ಹಾಳೆಯನ್ನು ಚಾಚುತ್ತ.

ಸತ್ತ ಅಕ್ಕ ಇಪ್ಪತ್ತೆರಡು ವರ್ಷ ಅವರ ಪ್ರಯೋಗಾಲಯದಲ್ಲಿ ಅಣುಗಳ ಮಾದರಿ ಕಟ್ಟುತ್ತಿದ್ದವಳು. ಅವರ ಭಾಷಣಗಳನ್ನು ಬರೆಯುತ್ತಿದ್ದವಳೂ ಅವಳೇ. ಮಹಾನುಭಾವರು ಒಂದು ಸಾಲನ್ನೂ ಮುಂಚೆ ನೋಡಿದವರಲ್ಲ. ಕನ್ನಡಕ ಏರಿಸಿ, ಕಂಚಿನ ಕಂಠದಲ್ಲಿ ಓದಿ ಮುಗಿಸುವುದಷ್ಟೇ ಅವರ ಶ್ರಮ. ಇವತ್ತೂ ಹಾಳೆ ನೇರ ಜೇಬಿಗಿಳಿಯಿತು. ಅಕ್ಕ ಮಣ್ಣು ಸೇರುವ ಮುನ್ನ, ಶಿಷ್ಯರೆದುರು, ಈ ಮನುಷ್ಯನ ಬಾಯಿಂದಲೇ ನಿಜ ಹೊರಬೀಳಬೇಕಿತ್ತು.

*

ಮರದ ತೊಗಟೆಯಿಂದ ತೆಗೆದ ಒಂದು ಔಷಧಿಯ ಅಣುವಿನಲ್ಲಿ ಆರು ಪರಮಾಣುಗಳ ಉಂಗುರವಿದೆಯೆಂದು ಪ್ರೊಫೆಸರ್ ಪಟ್ಟು ಹಿಡಿದಿದ್ದ ಕಾಲ. ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಮಾದರಿ ಕಟ್ಟುವ ಗುಂಡು, ಕಡ್ಡಿ ಹರವಿಕೊಂಡಿದ್ದಳು.

"ನೋಡೇ, ಆರಕ್ಕೆ ಉಂಗುರ ಮುಚ್ಚಿದ್ರೆ ಪಕ್ಕದ ಕವಲುಗಳು ಗುದ್ದಾಡ್ತವೆ. ಏಳು ಮಾಡು, ಎಲ್ಲಾ ತೆಪ್ಪಗೆ ಕೂರ್ತವೆ."

"ಸಾರ್‌ಗೆ ಹೇಳಿದ್ಯಾ?"

"ಹೇಳ್ದೆ. ಗುಂಡು ಪೋಣಿಸೋಳು ನಂಗೇ ಪಾಠ ಹೇಳ್ತೀಯಾ ಅಂದ್ರು."

ಎಂಟು ತಿಂಗಳಿಗೆ ಏಳರ ಉಂಗುರ ಪ್ರೊಫೆಸರರ ಹೆಸರಿನಲ್ಲಿ ಅಚ್ಚಾಯಿತು. ಪ್ರಶಸ್ತಿಯೂ ಬಂತು. ಆ ಸಮಾರಂಭದ ಭಾಷಣವನ್ನೂ ಅಕ್ಕನೇ ಬರೆದುಕೊಟ್ಟಳು. ಆಸ್ಪತ್ರೆಯ ಮಂಚದಲ್ಲಿ, ಕೊನೆಯ ವಾರ, ಒಂದು ಹಾಳೆ ಕೇಳಿ ಪಡೆದಳು. "ಅವ್ರು ಮುಂಚೆ ಓದಲ್ಲ ಬಿಡು," ಎಂದು ನಕ್ಕಳು.

*

"ಈಕೆ ನನ್ನ ಬಲಗೈಯಾಗಿದ್ದಳು," ಪ್ರೊಫೆಸರ್ ಓದಿದರು. ಕಣ್ಣೊರೆಸಿಕೊಳ್ಳಲು ಒಂದು ಕ್ಷಣ ನಿಂತರು, ಅದೂ ಅಭ್ಯಾಸ. "ಉಂಗುರದಲ್ಲಿರುವುದು ಆರಲ್ಲ, ಏಳು ಎಂದು ಮೊದಲು ಕಂಡವಳು ಈಕೆ. ನಾನು ಗದರಿಸಿ ಕಳಿಸಿದೆ. ಆಮೇಲೆ ಕದ್ದೆ."

ಮಾತು ಬಾಯಿ ದಾಟಿದ ಮೇಲೆ ಕಿವಿಗೆ ಬಿತ್ತು. ಮುಖ ಸುಣ್ಣವಾಯಿತು.

"ಇದು... ನಾನು ಬರ್ದಿದ್ದಲ್ಲ!"

"ಹೌದು ಸಾರ್," ಎಂದಳು ತಂಗಿ, ಎಲ್ಲರಿಗೂ ಕೇಳುವಂತೆ. "ನೀವು ಯಾವತ್ತು ಬರ್ದಿದೀರಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ತಂಗಿಗೆ ಅಯ್ಯೋ ಪಾಪ ಎಂದು ಒಂದು ಚೂರೂ ಅನ್ನಿಸಲಿಲ್ಲ.

ಪೆಟ್ಟಿಗೆ ಎತ್ತುವ ಹೊತ್ತಿಗೆ ಪ್ರೊಫೆಸರ್ ತಲೆ ತಗ್ಗಿಸಿಕೊಂಡೇ ಬಂದು ಮುಂದಿನ ಹಿಡಿಕೆಗೆ ಕೈ ಹಾಕಿದರು. ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ನೀವು ಬೇಡ ಸಾರ್," ಎಂದು ಹಿಡಿಕೆಯನ್ನು ತಾನು ಹಿಡಿದಳು.